ಬಳಸುದಾರಿ

ನಕಾಶೆಯ ಮೇಲೆ ಸಲೀಸಾಗಿ ಓಡುತ್ತಿದ್ದ ಗಂಡನ ಬೆರಳು ಆ ಒಂದು ಊರಿನ ಹತ್ತಿರ ಬಂದದ್ದೇ ಎಡಕ್ಕೆ ಹೊರಳಿ, ಬೆಟ್ಟವನ್ನೆಲ್ಲ ಬಳಸಿಕೊಂಡು ಆಚೆ ಹೋಗಿ ಸೇರಿತು. ಮೂವತ್ತು ವರ್ಷ ದೇಶದ ಉದ್ದಗಲಕ್ಕೂ ಲಾರಿ ಓಡಿಸಿ ಈಗ ಕೆಲಸ ಬಿಟ್ಟಿದ್ದ ಅವನು, ಹೆಂಡತಿಗೆ ಒಂದು ವಾರ ಊರೂರು ತೋರಿಸಲು ಹೊರಟಿದ್ದ.

"ಏಳು ದಿನ, ಐದು ಭಾಷೆ ಕಣೇ. ಐದರಲ್ಲೂ ಬೈಯೋಕೆ ಬರುತ್ತೆ ನಂಗೆ."

"ಊಟ ಕೇಳೋಕೆ ಬರುತ್ತೋ ಇಲ್ವೋ?" ಎಂದು ನಗುತ್ತಿದ್ದವಳ ನಗು ಆ ತಿರುವಿನಲ್ಲಿ ನಿಂತುಹೋಯಿತು. ಅದು ಮಗಳನ್ನು ಕೊಟ್ಟ ಊರು. ಮಗಳು ಹೆರಿಗೆಯಲ್ಲಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಣ್ಣು ಮಾಡಿದ ಮೂರನೇ ದಿನವೇ ಲಾರಿ ಹತ್ತಿದ ಈ ಮನುಷ್ಯನದು ಕಲ್ಲೆದೆ ಎಂದು ಹೆಂಡತಿ ಎಷ್ಟೋ ಸಲ ದೇವರ ಮುಂದೆ ದೂರಿಕೊಂಡಿದ್ದಳು.

"ನೆಟ್ಟಗಿನ ರಸ್ತೆ ಬಿಟ್ಟು ಇದ್ಯಾಕ್ರೀ?"

"ಒಂಬತ್ತು ವರ್ಷದಿಂದ ಇದೇ ದಾರಿ. ನಾಲ್ಕು ಗಂಟೆ ಜಾಸ್ತಿ ಆಗುತ್ತೆ, ಅಷ್ಟೇ." ಅವನು ತಲೆ ಎತ್ತಲಿಲ್ಲ. "ರಸ್ತೆ ಪಕ್ಕದಲ್ಲೇ ಅವಳ ಮನೆ ಅಲ್ವಾ? ಹಾರ್ನ್ ಹೊಡೆದ್ರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು 'ಅಪ್ಪಾ' ಅಂತ ಓಡಿ ಬರ್ತಿದ್ಲು. ಈಗ ಹಾರ್ನ್ ಹೊಡೆದು ಹೇಗೆ ಹೋಗ್ಲಿ, ಹೊಡೀದೆ ಹೇಗೆ ಹೋಗ್ಲಿ, ನೀನೇ ಹೇಳು."