ಹುಲಿಗೆಮ್ಮ ಬರೆದ ಹನ್ನೊಂದು ಸಾಲು

ಕೊಪ್ಪಳದ ಕಡೆಯ ಒಂದು ಸರ್ಕಾರಿ ಶಾಲೆ. ಅಲ್ಲಿ ಮಕ್ಕಳಿಗೆ ಒಂದೂ ಕಂಪ್ಯೂಟರ್ ಇರಲಿಲ್ಲ...

ಆದರೂ ಶಶಿಕಲಾ ಟೀಚರ್ ಮೂರನೇ ತರಗತಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು.

ನೆಲದ ತುಂಬ ಸೀಮೆಸುಣ್ಣದ ಚೌಕಗಳು. ಒಂದು ಮಗು ರೋಬೋಟ್. ಇನ್ನೊಂದು ಮಗು ಚೀಟಿಯಲ್ಲಿ ಅದಕ್ಕೆ ಆದೇಶ ಬರೆಯಬೇಕು.

"ಎರಡು ಹೆಜ್ಜೆ ಮುಂದೆ. ಬಲಕ್ಕೆ ತಿರುಗು."

ಬರೆದಷ್ಟನ್ನೇ ರೋಬೋಟ್ ಮಾಡುತ್ತದೆ. ಹಾಗೆ ಬಾಗಿಲಿನಿಂದ ನೀರಿನ ಕೊಡದವರೆಗೆ ಅದನ್ನು ನಡೆಸಬೇಕು.

ಅವತ್ತು ತಪಾಸಣೆಗೆ ಬಂದ ಸಾಹೇಬರು ಬೂಟು ಹಾಕಿಕೊಂಡೇ ಚೌಕಗಳ ನಡುವೆ ನಿಂತರು.

"ಏನ್ರೀ ಟೀಚರ್ ಇದು, ಕುಂಟಾಬಿಲ್ಲೆ ಆಟ?"

"ಪ್ರೋಗ್ರಾಮಿಂಗ್ ಸರ್."

ಸಾಹೇಬರು ನಕ್ಕರು. "ಕೂಲಿಯವರ ಮಕ್ಕಳಿಗೆ ಇದ್ಯಾಕ್ರೀ? ಮೊದ್ಲು ಕಾಗುಣಿತ ಕಲಸ್ರಿ. ಇದನ್ನ ಒರಸ್ರಿ!"

"ಕಾಗುಣಿತಾನೂ ಕಲಸ್ತೀನಿ, ಇದನ್ನೂ ಕಲಸ್ತೀನಿ ಸರ್. ನಾನಂತೂ ಒರಸಂಗಿಲ್ಲ."

ಸಾಹೇಬರ ಮುಖ ಕೆಂಪಾಯಿತು. ಜವಾನನನ್ನು ಕೂಗಿದರು. ಅವನು ಒದ್ದೆ ಬಟ್ಟೆ ತಂದು ಬಗ್ಗಿದ...

ಆಗ ಎಂಟು ವರ್ಷದ ಹುಲಿಗೆಮ್ಮ ಓಡಿ ಬಂದು ಅಡ್ಡ ನಿಂತಳು. ಕೈಯಲ್ಲಿ ಚೀಟಿ.

"ಒರಸಬ್ಯಾಡ್ರಿ ಸರ್... ನನ್ನ ರೋಬೋಟ್ ಗ್ವಾಡಿಗೆ ಹೋಗಿ ನಿಂತೈತ್ರಿ. ತಪ್ಪು ಎಲ್ಲೈತಂತ ಇನ್ನೂ ಸಿಕ್ಕಿಲ್ರಿ."

"ತಪ್ಪು ಮಾಡಿ ಎದುರು ಮಾತಾಡ್ತಿ?"

"ತಪ್ಪಾದ್ರ ಹೆದರಬಾರದ್ರಿ, ಹುಡುಕಬೇಕ್ರಿ."



ಶಶಿಕಲಾ ಟೀಚರ್ ಮುಂದೆ ಬಂದರು. "ಸರ್, ಹೋದ ವರ್ಷ ಬೇರೆ ಶಾಲ್ಯಾಗ ಅಕ್ಷರ ತಪ್ಪು ಬರದ್ಲಂತ ಈ ಹುಡುಗಿ ಕೈ ಬಾವು ಬರೋಹಂಗ ಹೊಡದಿದ್ರು. ಆಮ್ಯಾಲೆ ನಾಲ್ಕು ತಿಂಗಳು ಪೆನ್ಸಿಲ್ ಮುಟ್ಟಿರಲಿಲ್ಲ. ಆ ಚೀಟಿ ಓದ್ರಿ."

ಸಾಹೇಬರು ಚೀಟಿ ತೆಗೆದುಕೊಂಡರು.

ಸೊಟ್ಟ ಸೊಟ್ಟ ಅಕ್ಷರದಲ್ಲಿ ಹನ್ನೊಂದು ಸಾಲು. ಅಲ್ಲಲ್ಲಿ ಹೊಡೆದುಹಾಕಿ, ತಾನೇ ಮತ್ತೆ ತಿದ್ದಿ ಬರೆದದ್ದು. ಕಾಗುಣಿತದ ತಪ್ಪನ್ನೂ ತಾನೇ ತಿದ್ದಿದ್ದಳು...

ಅವರು ಒಂದೊಂದೇ ಸಾಲು ಓದಿದರು. ತಲೆ ಎತ್ತಿದಾಗ ಕಣ್ಣು ತೇವವಾಗಿತ್ತು.

ಅಷ್ಟರಲ್ಲಿ ಪಕ್ಕದಲ್ಲೇ ಚೀಟಿ ಇಣುಕಿ ನೋಡುತ್ತಿದ್ದ ಹುಲಿಗೆಮ್ಮ ಕೂಗಿದಳು. "ಸಿಕ್ತು! ಏಳನೇ ಸಾಲು! ಎಡಕ್ಕ ಅನ್ನೋದನ್ನ ಬಲಕ್ಕ ಅಂತ ಬರದೀನಿ!"

ಆಮೇಲೆ ತಲೆ ಎತ್ತಿ ಸಾಹೇಬರನ್ನು ನೋಡಿದಳು.

"ಸರ್... ನೀವು ನಿಂತಿರೋ ಚೌಕ ನಮಗ ಬೇಕ್ರಿ."

ಸಾಹೇಬರು ಪಕ್ಕಕ್ಕೆ ಸರಿದರು...

*ತಪ್ಪಿಗೆ ಹೆದರದ ಮಗುವನ್ನು ಯಾರೂ ತಡೆಯಲಾರರು.*

ನಿಮ್ಮ ಮನೆಯ ಮಗು ಇವತ್ತು ತಪ್ಪು ಮಾಡಿದಾಗ... ನೀವು ಹುಡುಕಲು ಬಿಟ್ಟಿರಾ, ಒರೆಸಿಬಿಟ್ಟಿರಾ?