ಎಮ್ಮೆಗೆ ಹೇಳಿದ ಮಾತು

ನೆನೆದ ಗೋಣಿತಟ್ಟಿನ ವಾಸನೆ ಬಂದರೆ ಅನ್ನದಾನಮ್ಮನಿಗೆ ಈಗಲೂ ತವರಿನ ಬೇಸಿಗೆ ನೆನಪಾಗುತ್ತದೆ. ಕಿಟಕಿಗೆ ಅವ್ವ ಕಟ್ಟಿದ ಒದ್ದೆ ತಟ್ಟು, ಅದರ ಕೆಳಗೆ ಬರಿ ನೆಲದ ಮೇಲೆ ಬೋರಲಾಗಿ ಮಲಗಿದ ಮಕ್ಕಳು. ಇವತ್ತೂ ಮನೆ ಬಿಡುವ ಮೊದಲು ಪಡಸಾಲೆಯ ಕಿಟಕಿಗೆ ತಟ್ಟು ಕಟ್ಟಿ ನೀರು ಚಿಮುಕಿಸುತ್ತಿದ್ದಳು. ಹೊರಗೆ ಟೆಂಪೊ ಹಾರನ್ ಹೊಡೆಯುತ್ತಿತ್ತು. ಇಟ್ಟಿಗಿ ಊರಿನ ಆ ಓಣಿಯವರು ಹೊಳಲಿಗೆ ಹೊರಟಿದ್ದರು. ಅನಂತಶಯನನ ಗುಡಿ ನೋಡುವುದು, ಬಿಸಿಲೇರುವ ಹೊತ್ತಿಗೆ ಹೊಳೆದಂಡೆಗೆ ಹೋಗಿ ನೀರಿಗೆ ಕಾಲು ಬಿಟ್ಟು ಕೂರುವುದು, ಮರದಡಿ ಬುತ್ತಿ ಬಿಚ್ಚುವುದು. ಯುಗಾದಿ ಕಳೆದಾಗಿನಿಂದ ಅನ್ನದಾನಮ್ಮನ ಬಾಯಲ್ಲಿ ಇದೇ ಮಾತು.

ಆಗ ಪಕ್ಕದ ಮನೆಯ ಕೂಸು ಮತ್ತೆ ಅಳತೊಡಗಿತು. ಶಾಂಭವಿಯ ಮಗಳು ಸುಮಲತಾ ಹೆರಿಗೆಗೆ ತವರಿಗೆ ಬಂದಿದ್ದಳು, ಈಗ ಹಸಿ ಬಾಣಂತಿ. ಅವರದು ಹೊಸ ಸ್ಲ್ಯಾಬಿನ ಮನೆ. ಬೆಳಗ್ಗೆಯೇ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಅತ್ತು ಅತ್ತು ಕೂಸಿನ ದನಿ ಒಡೆದಿತ್ತು. ಅನ್ನದಾನಮ್ಮ ಕೈಯಲ್ಲಿದ್ದ ಬೀಗವನ್ನು ಗೂಡಿನೊಳಗೆ ಇಟ್ಟುಬಿಟ್ಟಳು.

"ಅತ್ತೀ, ಎಲ್ಲಾರೂ ಹತ್ತ್ಯಾರ, ಲಗೂನ ಬರ್ರಿ," ಎಂದು ಸೊಸೆ ಸಂಗೀತಾ ಬುತ್ತಿಯ ಗಂಟು ಹಿಡಿದು ಬಂದಳು.

"ನೀವು ಹೋಗಿ ಬರ್ರಿ. ನನ್ನ ಮೊಣಕಾಲು ಹಿಡಕೊಂಡೈತಿ."

"ಈಗರ ಎರಡು ಕೊಡ ನೀರು ಹೊತ್ತು ತಂದ್ರಿ! ಆವಾಗ ಇದ್ದಿಲ್ಲೇನು ನೋವು?"

"ಮೊಣಕಾಲು ನಿನ್ನ ಕೇಳಿ ಬರ್ತೈತೇನ? ಬುತ್ತಿ ಅಷ್ಟೂ ಒಯ್ಯಿ, ನೀರಾಗ ಆಡಿದ ಹುಡುಗರು ಭಾಳ ಹಸೀತಾವು. ನಾ ಏನರ ಮಾಡ್ಕೊಂತೀನಿ."

ಟೆಂಪೊ ಧೂಳೆಬ್ಬಿಸಿ ಹೋಯಿತು. ಅನ್ನದಾನಮ್ಮ ಹಿತ್ತಲಿಗೆ ನಡೆದಳು. ಶಾಂಭವಿಯೊಂದಿಗೆ ಮಾತು ಬಿಟ್ಟು ಎರಡು ಮಳೆಗಾಲ ಕಳೆದಿದ್ದವು. ಸ್ಲ್ಯಾಬಿನ ಮಳೆನೀರಿನ ಪೈಪು ಅನ್ನದಾನಮ್ಮನ ಮಣ್ಣಿನ ಗೋಡೆಯ ಮೇಲೆ ಸುರಿದು, ಗೋಡೆಯ ಮೂಲೆ ಕರಗಿ, ಓಣಿಯೆಲ್ಲ ಕೇಳುವಂತೆ ಜಗಳವಾಗಿತ್ತು. ಪೈಪನ್ನು ಆಮೇಲೆ ಬೇರೆ ಕಡೆ ತಿರುಗಿಸಿದರು. ಬಿಟ್ಟ ಮಾತು ಮಾತ್ರ ಹಾಗೇ ಉಳಿಯಿತು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಅನ್ನದಾನಮ್ಮ ಹಿತ್ತಲಿನ ಮೋಟುಗೋಡೆಯ ಈಚೆ ನಿಂತು ತನ್ನ ಎಮ್ಮೆಗೆ ಹೇಳುತ್ತಿದ್ದಳು, ಶಾಂಭವಿ ಆಚೆ ನಿಂತು ತನ್ನ ಆಕಳಿಗೆ. "ನಳ ಬಂತು ನೋಡು" ಎಂದು ಎಮ್ಮೆಗೆ ಹೇಳಿದರೆ ಪಕ್ಕದ ಮನೆಯ ಕೊಡಗಳು ಬೀದಿಗೆ ಬರುತ್ತಿದ್ದವು.

"ಎಮ್ಮೀ," ಎಂದಳು ಅನ್ನದಾನಮ್ಮ ಗಟ್ಟಿಯಾಗಿ, "ನಮ್ಮ ಮಣ್ಣಿನ ಮಾಳಿಗಿ ಮನ್ಯಾಗ ತಂಪೈತಿ. ನಾನೊಬ್ಬಾಕಿನ ಅದೀನಿ. ಯಾವುದರ ಎಳಿ ಕೂಸು ಬಂದು ಮಲಗಿದ್ರ ನಾ ಬ್ಯಾಡ ಅಂತೀನೇನು?"

ಆಚೆಯಿಂದ ಶಾಂಭವಿಯ ದನಿ: "ಆಕಳವ್ವಾ, ಇನ್ನಾ ಗಂಗಿ ಪೂಜಿ ಆಗಿಲ್ಲ. ಬಾಣಂತಿ ಹೊಸ್ತಿಲ ದಾಟಬಾರದು ಅಂತ ದೊಡ್ಡವರಾದವರಿಗೆ ಗೊತ್ತಿರಬೇಕಲ್ಲ?"

"ಆ ಶಾಸ್ತ್ರ ಮಾಡಿದವರ ತಲಿ ಮ್ಯಾಲ ಸ್ಲ್ಯಾಬ್ ಇದ್ದಿಲ್ಲ, ಎಮ್ಮೀ!"

ಒಳಗಿನಿಂದ ಸುಮಲತಾ ಕೂಗಿದಳು, ಅಳುವೂ ನಗುವೂ ಕೂಡಿದ ದನಿಯಲ್ಲಿ. "ಎವ್ವಾ, ದನದ ಕೂಡ ಮಾತಾಡಿದ್ದು ಸಾಕು. ಕೂಸಿನ ಬೆನ್ನು ನೋಡಬಾ, ಬೆವರುಗುಳ್ಳಿ ಎದ್ದು ಕೆಂಪಗ ಆಗೈತಿ. ದೊಡ್ಡವ್ವಾ, ಬಾಗಿಲು ತಗದಿಡು, ನಾ ಬಂದೆ."

ಕಿವಿಗೆ ಬಟ್ಟೆ ಕಟ್ಟಿಕೊಂಡ ಸುಮಲತಾ ಕೂಸನ್ನು ಎದೆಗವಚಿಕೊಂಡು ಬಂದಳು. ಹಿಂದೆ ಶಾಂಭವಿ, ಮೊಮ್ಮಗುವಿಗೆ ಕೊಡೆ ಹಿಡಿದು, ತಾನು ಬಿಸಿಲಲ್ಲಿ. ಅನ್ನದಾನಮ್ಮ ತೊಲೆಗೆ ತನ್ನ ಹಳೆಯ ನೂಲಿನ ಸೀರೆಯ ಜೋಲಿ ಕಟ್ಟಿದಳು. ಕೂಸಿನ ಮೈಮೇಲಿನ ಕುಂಚಿಗೆ, ಟೋಪಿ ಎಲ್ಲ ಬಿಚ್ಚಿ, ಒದ್ದೆ ಬಟ್ಟೆಯಿಂದ ಬೆನ್ನು ಒರೆಸಿ ಮಲಗಿಸಿದಳು. ಅದು ಇನ್ನೆರಡು ಸಲ ಬಿಕ್ಕಿತು. ಕಾಲು ಝಾಡಿಸಿತು. ಆಮೇಲೆ ಅದರ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ಎಷ್ಟು ರಾತ್ರಿಗಳ ನಿದ್ದೆ ಬಾಕಿ ಇತ್ತೋ, ಸುಮಲತಾ ಕೂಡ ಚಾಪೆಯ ಮೇಲೆ ಒರಗಿದವಳು ಹಾಗೇ ಮಲಗಿಬಿಟ್ಟಳು.

ಪಡಸಾಲೆಯಲ್ಲಿ ಎಮ್ಮೆಯೂ ಇರಲಿಲ್ಲ, ಆಕಳೂ ಇರಲಿಲ್ಲ. ಒಬ್ಬಳು ಜೋಲಿಯ ಈ ಬದಿ, ಇನ್ನೊಬ್ಬಳು ಆ ಬದಿ ಸುಮ್ಮನೆ ಕೂತರು. ಜೋಲಿ ನಿಂತಾಗ ಯಾರ ಕೈಗೆ ಸಮೀಪವಿತ್ತೋ ಅವರು ತೂಗಿದರು. ಶಾಂಭವಿಯ ಕಣ್ಣು ಹೊಸದಾಗಿ ಮೆತ್ತಿದ ಗೋಡೆಯ ಮೂಲೆಗೆ ಹೋಯಿತು, ಅಲ್ಲಿಂದ ಬೇಗನೆ ಸರಿದು ಅಡುಗೆಮನೆಗೆ. ಒಲೆ ಹಚ್ಚಿರಲಿಲ್ಲ. ರೊಟ್ಟಿಯ ಬುಟ್ಟಿ ಬೋರಲು ಬಿದ್ದಿತ್ತು. ಅವಳು ತಟ್ಟನೆ ಎದ್ದು ಹೊರಗೆ ನಡೆದಳು, ಕೊಡೆಯನ್ನೂ ಬಿಟ್ಟು.

ಅನ್ನದಾನಮ್ಮನ ಮುಖ ಸಣ್ಣದಾಯಿತು. ಗೋಡೆ ನೋಡಿ ಸಿಟ್ಟು ಬಂತೇನೋ ಅಂದುಕೊಂಡಳು. ಮಗಳನ್ನು ಎಬ್ಬಿಸಿ ಕರೆದೊಯ್ಯಲು ಬಂದರೆ ಏನು ಮಾಡುವುದು? ಜೋಲಿಯ ಹಗ್ಗವನ್ನು ಬಿಗಿಯಾಗಿ ಹಿಡಿದು ಕೂತಳು.

ಬಹಳ ಹೊತ್ತಿನ ಮೇಲೆ ಶಾಂಭವಿ ತಿರುಗಿ ಬಂದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಕೈಯಲ್ಲಿ ಮುಚ್ಚಿದ ತಟ್ಟೆ. ಮುಚ್ಚಳ ತೆಗೆದಾಗ ಹಬೆ ಎದ್ದಿತು. ಈಗಷ್ಟೇ ಬಡಿದ ಜೋಳದ ರೊಟ್ಟಿ, ಆದರೆ ಇಡಿಯಾಗಿ ಇರಲಿಲ್ಲ. ಸಣ್ಣಗೆ ಮುರಿದು, ಬಿಸಿ ಹಾಲಿನಲ್ಲಿ ಮೆತ್ತಗೆ ನೆನೆಸಿತ್ತು. ಅನ್ನದಾನಮ್ಮ ದವಡೆಹಲ್ಲು ಕೀಳಿಸಿಕೊಂಡದ್ದು ಹೋದ ದೀಪಾವಳಿಯ ಹೊತ್ತಿಗೆ, ಇಬ್ಬರೂ ಮಾತು ಬಿಟ್ಟ ಎಷ್ಟೋ ದಿನಗಳ ಮೇಲೆ. ಅದನ್ನು ಎಮ್ಮೆಗೂ ಹೇಳಿರಲಿಲ್ಲ.

ಅವಳ ಬೆರಳುಗಳಿಂದ ಜೋಲಿಯ ಹಗ್ಗ ಬಿಡಿಸಿ ತಾನು ಹಿಡಿದುಕೊಂಡು, ಶಾಂಭವಿ ಆ ಕೈಗೆ ತಟ್ಟೆ ಇಟ್ಟಳು.