ಎರಡು ದಿನದ ಉಪವಾಸ

ಆ ಸೋಮವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಶಿವನ ಹೆಸರು ಹೇಳಿಕೊಳ್ಳುತ್ತ, ಗೋಡೆ ಹಿಡಿದು ನಡೆದು, ಪುಟ್ಟತಾಯಮ್ಮ ಆಸ್ಪತ್ರೆ ಸೇರಿದರು. ಮೂರನೆಯ ಸಲ ಪರೀಕ್ಷೆಗೆ ರಕ್ತ ಕೊಟ್ಟು, ಬೆಂಚಿನ ಮೇಲೆ ಕಾದು ಕುಳಿತರು.

ನರ್ಸ್ ಚೀಟಿ ಹಿಡಿದುಕೊಂಡು ಬಂದಳು. "ಅಜ್ಜಿ, ಉಪವಾಸದಲ್ಲಿ ಸಕ್ಕರೆ ನೂರರೊಳಗಿರ್ಬೇಕು. ನೂರಿಪ್ಪತ್ತಾರು ಮುಟ್ಟಿದ್ರೆ ಕಾಯಿಲೆ ಅಂತಾರೆ. ನಿಮ್ಮದು ಮೊದಲು ನೂರಾ ಮೂವತ್ತಿತ್ತು, ಆಮೇಲೆ ನೂರೈವತ್ತು. ಇವತ್ತು ನೂರಾ ಎಪ್ಪತ್ತೆರಡು."

ಪುಟ್ಟತಾಯಮ್ಮ ತಮ್ಮ ಪಾದಗಳನ್ನು ನೋಡಿಕೊಂಡರು. "ನಮ್ಮಕ್ಕನ ಕಾಲು ತೆಗೆದಿದ್ದೂ ಇದೇ ಕಾಯಿಲೇಲಿ ಕಣವ್ವ. ನನ್ನ ಕಾಲೂ ಹೋದ್ರೆ ಗುಡಿಗೆ ಹೂವು ಒಯ್ಯೋರು ಯಾರು?"

"ಉಪವಾಸ ಸರಿಯಾಗಿ ಮಾಡಿದ್ರಾ?"

"ಮೊದಲ ಸಲ ಬೆಳಿಗ್ಗೆ ಮಾತ್ರ ಮಾಡಿದ್ದೆ. ಎರಡನೇ ಸಲ ಇಡೀ ದಿನ. ಕಡಿಮೆ ಆಗ್ಲಿಲ್ವಲ್ಲ ಅಂತ ಈ ಸಲ ಎರಡು ದಿನ ಮಾಡ್ದೆ. ಒಂದಗುಳು ಅನ್ನ ಮುಟ್ಟಿಲ್ಲ, ಶಿವನಾಣೆ."

"ಎರಡು ದಿನ ಉಪವಾಸ ಇದ್ದೂ ಏರಿದೆಯಾ?" ನರ್ಸ್ ಪಕ್ಕದಲ್ಲೇ ಕುಳಿತಳು. "ಡಾಕ್ಟರು ಇವತ್ತು ಮಾತ್ರೆ ಶುರು ಮಾಡ್ತಾರೆ. ಅದಕ್ಕೆ ಮುಂಚೆ ನೆನಪು ಮಾಡ್ಕೊಂಡು ಹೇಳಿ. ಬೆಳಿಗ್ಗೆ ಬಾಯಿಗೆ ಏನೂ ಹಾಕ್ಕೊಂಡಿಲ್ಲ ತಾನೇ?"

"ಉಪವಾಸಕ್ಕೆ ಎಲ್ಲರೂ ಏನು ತಗೋತಾರೋ ಅದೇ ತಾಯಿ," ಎಂದರು ಪುಟ್ಟತಾಯಮ್ಮ. "ಬೆಲ್ಲದ ಅವಲಕ್ಕಿ, ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಈ ಸಲ ನಿತ್ರಾಣ ಜಾಸ್ತಿ ಇತ್ತು ನೋಡು, ಅದಕ್ಕೆ ನಾಲ್ಕು ತಿಂದೆ."